ಒಂದು ಸಬ್‌ವೂಫರ್, ಮೂರು ಊರು

“ಏನಪ್ಪಾ, ನಿಮ್ಮನೇಲಿ ರಾತ್ರಿ ಹೊತ್ತು ರಾಗಿ ಬೀಸ್ತೀರಾ?”

ಪಕ್ಕದ ಮನೆ ಅಜ್ಜಿ ಹೀಗೆ ಕೇಳಿದಾಗ ನಾನು ಬಾಯಿ ತುಂಬಾ ಪೇಸ್ಟಿನ ನೊರೆ ಇಟ್ಕೊಂಡು ಹಿತ್ತಲಲ್ಲಿ ನಿಂತಿದ್ದೆ. ಉತ್ತರ ಕೊಡೋಕಾಗಲಿಲ್ಲ. ಬಾಯಲ್ಲಿ ನೊರೆ ಇಲ್ಲದಿದ್ದರೂ ಕೊಡೋಕಾಗ್ತಿರಲಿಲ್ಲ ಅನ್ನೋದು ಬೇರೆ ಮಾತು. ಹಿಂದಿನ ರಾತ್ರಿ ಹನ್ನೊಂದೂವರೆ ತನಕ ಅವರ ತಲೆದಿಂಬಿನ ಆಚೆ ಬದಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್ ಇಟ್ಟುಕೊಂಡು ಸಿನಿಮಾ ನೋಡಿದವನು ನಾನೇ. ಅಜ್ಜಿಗೆ ಡೈಲಾಗು ಕೇಳಿಲ್ಲ, ಹಾಡು ಕೇಳಿಲ್ಲ. ಗೋಡೆ ದಾಟಿ ಹೋಗಿದ್ದು ಬರೀ ‘ಗುಂಯ್..’ ಅನ್ನೋ ಸದ್ದು. ಪಾಪ, ಅವರಿಗೆ ಅದು ಬೀಸೋ ಕಲ್ಲು ತಿರುಗಿದಂಗೆ ಕೇಳಿದೆ.

ಇದು ಆ ಡಬ್ಬದ ಕಥೆ. ಡಬ್ಬದ ಕಥೆ ಅಂದುಕೊಂಡೇ ಶುರು ಮಾಡಿದ್ದು, ಕೊನೆಗೆ ನಮ್ಮ ಅಪ್ಪಾಜಿಯ ಕಥೆ ಆಯ್ತು.

ನಮ್ಮೂರು ಹೊಳಲ್ಕೆರೆ. ನನ್ನ ಕೆಲಸ ಚಿತ್ರದುರ್ಗದಲ್ಲಿ. ಅಪ್ಪಾಜಿ, ಅಮ್ಮ ಊರಲ್ಲೇ ಇದ್ದಾರೆ. ಶನಿವಾರ ಸಂಜೆ ಆಯ್ತು ಅಂದ್ರೆ ನಾನೂ ಊರಿಗೆ. ಅಪ್ಪಾಜಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು, ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು. ಅವರಿಗೆ ಸಿನಿಮಾ ಅಂದ್ರೆ ಪ್ರಾಣ. ನಾವು ಚಿಕ್ಕವರಿದ್ದಾಗ ಭಾನುವಾರದ ದೂರದರ್ಶನದ ಸಿನಿಮಾ ಮುಗಿದ ಮೇಲೆ ನಮ್ಮನ್ನೆಲ್ಲ ಕೂರಿಸಿ ಯಾವ ಪಾತ್ರ ಯಾಕೆ ಹಾಗಂತು ಅಂತ ವಿವರಿಸೋರು. ಕ್ಲಾಸ್ ಮುಗಿದ ಮೇಲೆ ಇನ್ನೊಂದು ಕ್ಲಾಸ್ :)

ಅಂಥವರು ಎರಡು ವರ್ಷದಿಂದ ರಾತ್ರಿ ಟಿವಿ ಮುಂದೆ ಕೂರೋದೇ ಬಿಟ್ಟಿದ್ದರು. ಹತ್ತು ನಿಮಿಷ ಕೂತು, “ನಿದ್ದೆ ಬರ್ತಿದೆ, ನೀವು ನೋಡ್ರಪ್ಪ” ಅಂತ ಎದ್ದು ಹೋಗೋರು. ರೂಮಲ್ಲಿ ನೋಡಿದರೆ ಲೈಟ್ ಹಾಕ್ಕೊಂಡು ಪುಸ್ತಕ ಓದ್ತಾ ಇರೋರು.

ನಾನು ಇದಕ್ಕೆ ನನ್ನದೇ ಒಂದು ಕಾರಣ ಕಂಡುಕೊಂಡೆ. ಈಗಿನ ಟಿವಿಗಳು ಪೇಪರಿನಷ್ಟು ತೆಳ್ಳಗೆ, ಅದರ ಸ್ಪೀಕರು ಹಿಂಬದಿಗೋ ಕೆಳಕ್ಕೋ ಮುಖ ಮಾಡಿರುತ್ತೆ. ದುರ್ಗದ ಟಾಕೀಸಿನಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಈ ಸೊಳ್ಳೆ ದನಿ ಹಿಡಿಸೀತಾ? ಟಾಕೀಸನ್ನೇ ಮನೆಗೆ ತಂದುಬಿಡೋಣ ಅಂತ ತೀರ್ಮಾನಿಸಿದೆ. ಒಂದು ರಿಸೀವರು, ಐದು ಸ್ಪೀಕರು ಬಂದವು. 5.1ರಲ್ಲಿ ಐದೇನೋ ಆಯ್ತು, ಬಾಕಿ ಉಳಿದಿದ್ದು ಆ ಪಾಯಿಂಟ್ ಒಂದು.

ಈ ‘ಪಾಯಿಂಟ್ ಒಂದು’ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಉಳಿದ ಐದು ಚಾನೆಲ್ಲುಗಳು ನಾವು ಕೇಳಬಲ್ಲ ಸದ್ದನ್ನೆಲ್ಲ, ಅಂದ್ರೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಹೊರುತ್ತವೆ. ಈ ಆರನೆಯದು ಹೊರೋದು 120 ಹರ್ಟ್ಸ್‌ಗಿಂತ ಕೆಳಗಿನದನ್ನ ಮಾತ್ರ. ಗುಡುಗು, ಸಿಡಿಮದ್ದು, ಭೂಕಂಪ ಇತ್ಯಾದಿ. ಪೂರ್ತಿ ಚಾನೆಲ್ ಅಲ್ಲ, ಅದರ ಒಂದು ಚೂರು, ಅದಕ್ಕೇ ಪಾಯಿಂಟ್ ಒಂದು. ಸಿನಿಮಾದವರಿಗೆ ಈ ಹುಚ್ಚು ಹಳೇದು. 1974ರಲ್ಲಿ ‘ಅರ್ತ್‌ಕ್ವೇಕ್’ ಅನ್ನೋ ಹಾಲಿವುಡ್ ಚಿತ್ರಕ್ಕೆ ಟಾಕೀಸುಗಳಲ್ಲಿ ದೊಡ್ಡ ದೊಡ್ಡ ಸಬ್‌ವೂಫರು ಇಟ್ಟು ಸೆನ್ಸರೌಂಡ್ ಅಂತ ಹೆಸರು ಕೊಟ್ಟಿದ್ದರು. ಹಾಲಿವುಡ್ಡಿನ ಒಂದು ಹಳೇ ಟಾಕೀಸಿನಲ್ಲಿ ಮೇಲ್ಛಾವಣಿಯ ಗಾರೆ ಉದುರಿ ಜನರ ತಲೆ ಮೇಲೆ ಬೀಳದಿರಲಿ ಅಂತ ಬಲೆ ಕಟ್ಟಿದ್ದರಂತೆ! ನನಗೂ ಮನೇಲಿ ಅಂಥದ್ದೇ ಆಗಬೇಕು ಅಂತ ಆಸೆ, ಗಾರೆ ಉದುರೋದೊಂದು ಬಿಟ್ಟು.

ಆಗ ನೆನಪಾಗಿದ್ದು ಹಿರಿಯೂರಿನ ಗೆಳೆಯ. ಅವನ ಹತ್ತಿರ ಹನ್ನೆರಡು ಇಂಚಿನ ಡಬ್ಬ ಇತ್ತು. ತಂದ ಹೊಸದರಲ್ಲಿ ಫೋನಲ್ಲಿ ಅದರ ಗುಣಗಾನ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಈ ಸಲ ಕೇಳಿದ್ರೆ, “ತಗೊಂಡ್ಹೋಗು ಗುರೂ, ನಮ್ಮನೆಯವಳು ನನ್ನನ್ನೋ ಇದನ್ನೋ ಯಾರನ್ನಾದ್ರೂ ಒಬ್ರನ್ನ ಹೊರಗೆ ಹಾಕ್ತೀನಿ ಅಂತಿದಾಳೆ” ಅಂದ.

ಒಂದು ಭಾನುವಾರ ಹಿರಿಯೂರಿಗೆ ಹೋದೆ. ಹೊಸ ಆರ್‌ಸಿಸಿ ಮನೆ, ನೆಲಕ್ಕೆ ಕನ್ನಡಿ ತರ ಹೊಳೆಯೋ ಟೈಲ್ಸು. ಹಾಲು ಹನ್ನೆರಡಡಿಗೆ ಹನ್ನೆರಡಡಿ. ಸೋಫಾ ಗೋಡೆಗೆ ಅಂಟಿಸಿದಂಗೆ ಇತ್ತು, ಡಬ್ಬ ಟಿವಿ ಪಕ್ಕದ ಮೂಲೇಲಿ. ಹಾಕಿದ. ಡೊಳ್ಳು ಬಡಿದರೂ ‘ಢೂಂ’, ಕಾರಿನ ಬಾಗಿಲು ಹಾಕಿದರೂ ‘ಢೂಂ’, ಬಾಸ್ ಗಿಟಾರಿನ ನಾಲ್ಕು ಸ್ವರ ನುಡಿಸಿದರೂ ಅದೇ ‘ಢೂಂ’. ಎಲ್ಲಕ್ಕೂ ಒಂದೇ ಸದ್ದು! ಎದ್ದು ರಿಮೋಟು ತರೋಕೆ ಅಂತ ಹಾಲಿನ ನಟ್ಟನಡುವೆ ಬಂದೆ ನೋಡಿ, ಸದ್ದು ಮಾಯ. ಮತ್ತೆ ಸೋಫಾಕ್ಕೆ ಹೋದೆ, ಎದೆಗೆ ಗುದ್ದು.

ಆಗ ನನಗೆ ಅರ್ಥ ಆಗಿರಲಿಲ್ಲ. ಆಮೇಲೆ ಓದಿಕೊಂಡೆ. ನಮ್ಮ ಕಡೆ ತೋಟದ ಸಿಮೆಂಟ್ ತೊಟ್ಟಿ ನೋಡಿರ್ತೀರಲ್ಲ, ಅದಕ್ಕೆ ಇಳಿದು ನೀರನ್ನ ಒಂದು ಲಯದಲ್ಲಿ ತಳ್ಳಿ ನೋಡಿ. ಲಯ ಸರಿಯಾಗಿ ಕೂತರೆ ನೀರು ಈ ಕೊನೆಯಲ್ಲಿ ಏರುತ್ತೆ, ಆ ಕೊನೆಯಲ್ಲಿ ಇಳಿಯುತ್ತೆ, ಮತ್ತೆ ಅದಲುಬದಲು. ನಡುವಿನಲ್ಲಿ ಮಾತ್ರ ನೀರು ಹೆಚ್ಚು ಏರಲ್ಲ, ಇಳಿಯಲ್ಲ. ಕೋಣೆಯ ಗಾಳಿಯೂ ಹಾಗೇ. 40 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 28 ಅಡಿ! ಅಷ್ಟುದ್ದದ ಅಲೆಯನ್ನ ಹನ್ನೆರಡಡಿ ಹಾಲಿನಲ್ಲಿ ಕೂಡಿ ಹಾಕಿದರೆ ಅದು ಗೋಡೆಯಿಂದ ಗೋಡೆಗೆ ಬಡಿದಾಡಿಕೊಂಡು ತೊಟ್ಟಿಯ ನೀರಿನಂಗೆ ಆಡುತ್ತೆ. ಯಾವ ಸದ್ದಿಗೆ ಹೀಗೆ ಆಡುತ್ತೆ ಅನ್ನೋದಕ್ಕೆ ಸುಲಭದ ಲೆಕ್ಕ ಇದೆ. 565ನ್ನ ಕೋಣೆಯ ಉದ್ದದಿಂದ (ಅಡಿಗಳಲ್ಲಿ) ಭಾಗಿಸಿ. ಹನ್ನೆರಡಡಿಗೆ 47 ಹರ್ಟ್ಸ್ ಬರುತ್ತೆ. ಗೆಳೆಯನ ಹಾಲಿನ ಉದ್ದವೂ ಹನ್ನೆರಡು, ಅಗಲವೂ ಹನ್ನೆರಡು. ಎರಡು ಜೊತೆ ಗೋಡೆಗಳೂ ಸೇರಿಕೊಂಡು ಅದೇ 47ನ್ನ ಊದುತ್ತಿದ್ದವು. ಮೂಲೆಯಲ್ಲಿಟ್ಟ ಡಬ್ಬ ಎಲ್ಲ ಗೋಡೆಗಳ ಕೂಗನ್ನೂ ಒಟ್ಟಿಗೆ ಎಬ್ಬಿಸುತ್ತೆ. ಗೋಡೆಗೆ ಅಂಟಿದ ಸೋಫಾ ಅಂದ್ರೆ ತೊಟ್ಟಿಯ ಕೊನೆಯಲ್ಲಿ ಕೂತಂಗೆ. ಇನ್ನೇನಾಗುತ್ತೆ? ಢೂಂ.

ಅವತ್ತು ಡಬ್ಬ ಕಾರಿಗೆ ಹಾಕಿಕೊಂಡು ಇಬ್ಬರೂ ಮಾರಿಕಣಿವೆ ಕಡೆ ಒಂದು ಸುತ್ತು ಹೋಗಿ ಬಂದೆವು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಿದ್ದು 89 ವರ್ಷ ಆದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಆವಾಗ ನಾವಿಬ್ಬರೂ ಜಾತ್ರೆಗೆ ಬಂದಂಗೆ ಬಂದು ನೋಡಿದ್ದೆವು. ಈ 1933 ನನಗೆ ಇನ್ನೊಂದು ಕಡೆ ಸಿಕ್ಕಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಮನುಷ್ಯನ ಕಿವಿಯ ಮೇಲಿನ ತಮ್ಮ ಹೆಸರಾಂತ ಪ್ರಬಂಧ ಪ್ರಕಟಿಸಿದ್ದೂ ಅದೇ ವರ್ಷ. ಅವರು ಕಂಡುಕೊಂಡಿದ್ದು ಇಷ್ಟು: ಸದ್ದು ಸಣ್ಣದಾದಾಗ ನಮ್ಮ ಕಿವಿಗೆ ಮೊದಲು ಕಳೆದುಹೋಗೋದು ತಳದ ಸದ್ದು. ಮಾತು ಕೇಳುವಷ್ಟೇ ಸಣ್ಣಗೆ ಹಾಡು ಹಾಕಿದರೆ ಮೃದಂಗದ ಎಡಗೈ ಎಲ್ಲೋ ದೂರ ಹೋಗಿಬಿಟ್ಟಿರುತ್ತೆ. ಅದಕ್ಕೇ ರಾತ್ರಿ ಹೊತ್ತು ವಾಲ್ಯೂಮು ಕಮ್ಮಿ ಮಾಡಿದ ತಕ್ಷಣ ನಮಗೆ ಸಬ್‌ವೂಫರಿನ ಕಿವಿ ಹಿಂಡೋ ಚಪಲ ಬರೋದು. ಇದು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಹೊಳಲ್ಕೆರೆಗೆ ಹೋಗೋ ಮೊದಲು ಡಬ್ಬ ಹೊಸದುರ್ಗಕ್ಕೆ ಹೋಯ್ತು. ಅಕ್ಕನ ಮನೇಲಿ ಹಬ್ಬ, ಭಾವನಿಗೆ ಹೊಸ ಆಟಿಕೆ ಅಂದ್ರೆ ಇಷ್ಟ, “ತಗೊಂಬಾರೋ, ನಾವೂ ಒಂದು ಕೈ ನೋಡೋಣ” ಅಂದರು. ಊರಾಚೆ ತೆಂಗಿನ ತೋಟದಲ್ಲಿ ಹಳೇ ಹೆಂಚಿನ ಮನೆ ಅವರದು. ಗೋಡೆಗೂ ಹೆಂಚಿಗೂ ನಡುವೆ ಗುಬ್ಬಿ ಓಡಾಡುವಷ್ಟು ಸಂದು, ಮುಂದೆ ಹಿಂದೆ ಹಗಲಿಡೀ ತೆರೆದೇ ಇರೋ ಬಾಗಿಲು. ಜೋಡಿಸಿ ಹಾಕಿದೆ. ಹಿರಿಯೂರಲ್ಲಿ ಎದೆಗೆ ಗುದ್ದಿದ ಅದೇ ಡಬ್ಬ, ಅದೇ ಸಿನಿಮಾ, ಅದೇ ವಾಲ್ಯೂಮು.. ಇಲ್ಲಿ ಕೆಮ್ಮಿದಂಗೆ ಕೇಳ್ತಿತ್ತು!

“ದಾರೀಲಿ ಸತ್ತೋಯ್ತೇನೋ ಇದು?” ಅಂದರು ಭಾವ. ವಾಲ್ಯೂಮು ಪೂರ್ತಿ ತಿರುಗಿಸಿದರು. ಆದರೂ ಅಷ್ಟಕ್ಕಷ್ಟೇ. ಆದರೆ ಒಂದು ವಿಷಯ ನನ್ನ ಕಿವಿಗೆ ಬಿತ್ತು. ಸದ್ದು ಕಮ್ಮಿ ಇದ್ದರೂ ಡೊಳ್ಳು ಡೊಳ್ಳಿನಂಗೆ, ಬಾಗಿಲು ಬಾಗಿಲಿನಂಗೆ ಕೇಳಿದವು. ಹೆಂಚು, ಸಂದು, ಬಾಗಿಲು ಎಲ್ಲ ಸೇರಿ ತಳದ ಸದ್ದನ್ನ ಹೊರಗೆ ಬಿಟ್ಟುಬಿಡ್ತಿದ್ದವು. ತೊಟ್ಟಿಗೆ ಗೋಡೆಯೇ ಸರಿಯಾಗಿ ಇಲ್ಲದ ಮೇಲೆ ನೀರು ಆಡೋದೆಲ್ಲಿ? ಅಂದ್ರೆ ಹಿರಿಯೂರಲ್ಲಿ ಗೆಳೆಯ ಬಡಾಯಿ ಕೊಚ್ಚಿಕೊಂಡ ಸದ್ದಿನಲ್ಲಿ ಡಬ್ಬದ್ದೆಷ್ಟೋ ಅವನ ಗೋಡೆಗಳದ್ದೂ ಅಷ್ಟೇ ಪಾಲಿತ್ತು.

ಊಟಕ್ಕೆ ಕೂತಾಗ ಅಕ್ಕ ಒಂದು ಮಾತು ಕೇಳಿದಳು. “ಅಪ್ಪಾಜಿ ಈ ಸಲಾನೂ ನಾಟಕಕ್ಕೆ ಬರಲ್ವಂತೆ, ಯಾಕೋ?” ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರಿನಲ್ಲಿ ನಾಟಕೋತ್ಸವ ಆಗುತ್ತಲ್ಲ, ಅಲ್ಲಿನ ಬಯಲು ರಂಗಮಂದಿರದ ಕಲ್ಲು ಮೆಟ್ಟಿಲ ಮೇಲೆ ಕೂತು ನಾಟಕ ನೋಡೋದು ಅಪ್ಪಾಜಿಗೆ ವರ್ಷದ ವ್ರತ ಇದ್ದಂಗೆ. ಅಕ್ಕನ ಮನೇಲಿ ಉಳಿದುಕೊಂಡು ದಿನಾ ಸಂಜೆ ಹೋಗಿಬರೋರು. “ವಯಸ್ಸಾಯ್ತಲ್ಲ, ಚಳಿ” ಅಂದೆ ನಾನು. ಟಿವಿ ಬಿಟ್ಟಿದ್ದಕ್ಕೂ ನಾಟಕ ಬಿಟ್ಟಿದ್ದಕ್ಕೂ ಏನಾದರೂ ಸಂಬಂಧ ಇರಬಹುದಾ ಅಂತ ನನ್ನ ತಲೆಗೆ ಹೊಳೀಲಿಲ್ಲ. ಹೊಳೆಯೋದೆಲ್ಲಿಂದ, ತಲೆ ತುಂಬಾ ಹರ್ಟ್ಸು.

ಸರಿ, ಶನಿವಾರ ಡಬ್ಬ ಹೊಳಲ್ಕೆರೆಗೆ ಬಂತು. ನಮ್ಮ ಹಾಲು ಹದಿನೈದಕ್ಕೆ ಹನ್ನೊಂದಡಿ, ರೆಡ್ ಆಕ್ಸೈಡ್ ನೆಲ. ಪ್ಲಗ್ಗು ಇದ್ದಿದ್ದು ಒಂದೇ ಕಡೆ, ಟಿವಿ ಪಕ್ಕದ ಮೂಲೆ. ಆ ಮೂಲೆಯ ಗೋಡೆ ನಮಗೂ ಅಜ್ಜಿಗೂ ಇರೋ ನಡುಗೋಡೆ. ಹಿರಿಯೂರಿನ ಪಾಠ ಅರ್ಧಂಬರ್ಧ ಓದಿದ್ದೆ, ಆದರೂ ಪ್ಲಗ್ಗು ಅಲ್ಲಿದೆ ಅಂತ ಅಲ್ಲೇ ಇಟ್ಟೆ. (ನಮ್ಮ ಕಡೆ ಮನೆಗಳಲ್ಲಿ ಎಲ್ಲಾ ವಸ್ತುವಿನ ಜಾಗ ನಿರ್ಧಾರ ಮಾಡೋದು ವಾಸ್ತುವೂ ಅಲ್ಲ, ವಿಜ್ಞಾನವೂ ಅಲ್ಲ, ಪ್ಲಗ್ ಪಾಯಿಂಟು!) ಯುದ್ಧದ ಸಿನಿಮಾ ಒಂದು ಹಾಕಿದೆ. ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನಲ್ಲಿ ತಟ್ಟೆಗಳು ಜಣಜಣ ಅಂದವು. ಶೋಕೇಸಿನ ಗಾಜು ನಡುಗಿತು. ನನ್ನ ಮಗ ಕುಣಿದ. ನಾನು ಅಪ್ಪಾಜಿ ಮುಖ ನೋಡಿದೆ, ಟಾಕೀಸು ನೆನಪಾಯ್ತಾ ಅಂತ.

ಹತ್ತು ನಿಮಿಷ. “ನಿದ್ದೆ ಬರ್ತಿದೆ” ಅಂತ ಎದ್ದು ಹೋದರು.

ಬೆಳಿಗ್ಗೆ ಅಜ್ಜಿ ರಾಗಿ ಬೀಸಿದ ಪ್ರಶ್ನೆ ಕೇಳಿದ್ದು. ಕೇಳಿದ ಮೇಲೆ ಅವರೇ ನಗುತ್ತಾ, “ನಂಗೇನು, ಹೆಂಗಿದ್ರೂ ನಿದ್ದೆ ಬರಲ್ಲ. ಆದ್ರೆ ಎದೆ ಒಳಗೇ ಬೀಸಿದಂಗಾಯ್ತು ಕಣಪ್ಪ” ಅಂದರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಜೀವ ಅದು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ತಳದ ಸದ್ದಿಗೆ ಗೋಡೆ ದಾಟೋದು ಬಹಳ ಸುಲಭ. ಮಾತು, ಕೊಳಲು ಇವನ್ನೆಲ್ಲ ಒಂದು ಇಟ್ಟಿಗೆ ಗೋಡೆ ಬಹುಪಾಲು ತಡೆಯುತ್ತೆ, ಈ ಗುಂಯ್‌ಗುಟ್ಟುವಿಕೆಯನ್ನ ಅಷ್ಟಾಗಿ ತಡೆಯಲ್ಲ. ಕಾನೂನಿನ ಅಳತೆಗೋಲೂ ಇದನ್ನ ಸರಿಯಾಗಿ ಹಿಡಿಯಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್. ಆದರೆ ಅದನ್ನ ಅಳೆಯೋ ಮೀಟರು ಕಿವಿಯ ಸ್ವಭಾವಕ್ಕೆ ಹೊಂದಿಸಿದ ‘ಎ’ ಲೆಕ್ಕದಲ್ಲಿ ಅಳೆಯುತ್ತೆ, 50 ಹರ್ಟ್ಸ್ ಸದ್ದಿಗೆ ಸುಮಾರು 30 ಡೆಸಿಬಲ್ ಕಳೆದುಬಿಡುತ್ತೆ! ಅಂದ್ರೆ ಮೀಟರ್ ಪ್ರಕಾರ ನಾನು ಸಾಚಾ ಇದ್ದರೂ ಇರಬಹುದು. ಅಜ್ಜಿಯ ಎದೆಗೆ ಮೀಟರು ಹಾಕಿದವರ್ಯಾರು?

ಅವತ್ತು ಪಟ್ಟು ಹಿಡಿದು ಕೂತೆ. ಸಬ್‌ವೂಫರಿಗೆ ಜಾಗ ಹುಡುಕೋಕೆ ಒಂದು ಹಳೇ ಉಪಾಯ ಇದೆ. ಡಬ್ಬವನ್ನ ನಾವು ಕೂರುವ ಜಾಗದಲ್ಲಿ ಇಡಬೇಕು. ಬಾಸ್ ಸ್ವರಗಳು ಏರಿಳಿಯೋ ಒಂದು ಹಾಡನ್ನ ಮತ್ತೆ ಮತ್ತೆ ಹಾಕಬೇಕು. ನಾವು ಗೋಡೆಯಂಚಲ್ಲಿ ಅಂಬೆಗಾಲಿಡುತ್ತಾ, ಕಿವಿ ನೆಲದ ಹತ್ತಿರ ಇಟ್ಟುಕೊಂಡು ಸುತ್ತಬೇಕು. ಎಲ್ಲಿ ಎಲ್ಲಾ ಸ್ವರಗಳೂ ಒಂದೇ ಸಮ ಕೇಳ್ತವೋ ಅದೇ ಡಬ್ಬದ ಜಾಗ. ಸದ್ದು ಅಲ್ಲಿಂದ ಇಲ್ಲಿಗೆ ಬರೋ ದಾರಿಯೂ ಇಲ್ಲಿಂದ ಅಲ್ಲಿಗೆ ಹೋಗೋ ದಾರಿಯೂ ಒಂದೇ ಆದ್ದರಿಂದ ಈ ಅದಲುಬದಲು ನಡೆಯುತ್ತೆ.

ಅಪ್ಪಾಜಿ ವಾಕಿಂಗ್ ಹೋಗಿದ್ದರು. ಅವರ ಬೆತ್ತದ ಕುರ್ಚಿ ಮೇಲೆ ಹಲಗೆ ಇಟ್ಟು, ಅದರ ಮೇಲೆ ಡಬ್ಬ ಕೂರಿಸಿ, ನಾನು ನೆಲದ ಮೇಲೆ ಅಂಬೆಗಾಲಿಟ್ಟೆ. ಅಮ್ಮ ಸಾರಿಗೆ ಒಗ್ಗರಣೆ ಹಾಕ್ತಾ ಇದ್ದವಳು ಹೊರಗೆ ಬಂದು, “ಏನ್ ಕಳ್ಕಂಡ್ಯೋ?” ಅಂದಳು. ಸರಿಯಾಗಿ ಆಗಲೇ ಅಪ್ಪಾಜಿ ಬಂದರು. ತಮ್ಮ ಕುರ್ಚೀಲಿ ಡಬ್ಬ, ನಲವತ್ತೇಳು ವರ್ಷದ ಮಗ ನಾಲ್ಕು ಕಾಲಲ್ಲಿ :) ನಕ್ಕುಬಿಟ್ಟರು. ಬಹಳ ದಿನದ ಮೇಲೆ ಅವರು ಹಾಗೆ ನಕ್ಕಿದ್ದು.

ವಿವರಿಸಿದೆ. ಮೇಷ್ಟ್ರಲ್ವಾ, ಪಾಠ ಕೇಳೋಕೂ ಗೊತ್ತು. ಪೂರ್ತಿ ಕೇಳಿ, ಪಕ್ಕದ ಸ್ಟೂಲಿನ ಮೇಲೆ ಕೂತು, ನಿಧಾನಕ್ಕೆ ಹೇಳಿದರು.

“ಅದರ ಸದ್ದು ನಂಗೆ ಚೆನ್ನಾಗೇ ಕೇಳುತ್ತೆ ಕಣೋ. ಕೇಳ್ದಿರೋದು ಮಾತು. ಸ್ವರ ಕೇಳ್ತವೆ, ವ್ಯಂಜನ ಕೇಳಲ್ಲ. ‘ಹತ್ತು’ ಅಂದ್ರೋ ‘ಸತ್ತು’ ಅಂದ್ರೋ ಗೊತ್ತಾಗಲ್ಲ. ನೀವೆಲ್ಲ ನಗ್ತೀರಿ, ಯಾಕೆ ನಗ್ತಿದೀರಿ ಅಂತ ತಿಳಿಯಲ್ಲ. ಎಷ್ಟು ಸಲ ಅಂತ ಕೇಳ್ಲಿ? ಅದಕ್ಕೇ ಎದ್ದು ಹೋಗ್ತೀನಿ.”

ಹಾಡು ಇನ್ನೂ ಓಡ್ತಾ ಇತ್ತು. ನಾನು ನೆಲದ ಮೇಲೇ ಕೂತುಬಿಟ್ಟೆ.

ಎರಡು ವರ್ಷ! ಕಾಗುಣಿತ ಕಲಿಸಿದ ಮನುಷ್ಯ ಎರಡು ವರ್ಷದಿಂದ ಅರ್ಧ ಅಕ್ಷರಮಾಲೆಯಲ್ಲಿ ಬದುಕ್ತಾ ಇದ್ದಾರೆ, ನಾನು ಅವರ ಮುಂದೆ ಹನ್ನೆರಡು ಇಂಚಿನ ಡಬ್ಬ ತಂದಿಟ್ಟು ನಿದ್ದೆ ಓಡಿಸೋಕೆ ಹೊರಟಿದ್ದೆ.

ಮುಂದಿನ ವಾರ ದುರ್ಗಕ್ಕೆ ಕರೆದುಕೊಂಡು ಬಂದು ಕಿವಿ ಪರೀಕ್ಷೆ ಮಾಡಿಸಿದೆ. ಅವರು ಕೊಟ್ಟ ಗ್ರಾಫು ನೋಡಿದರೆ ನಮ್ಮ ದುರ್ಗದ ಬೆಟ್ಟ ಇಳಿದಂಗಿತ್ತು. ಎಡಗಡೆ 250 ಹರ್ಟ್ಸಿನ ಹತ್ತಿರ ಹೆಚ್ಚುಕಮ್ಮಿ ಸರಿಯಾಗಿದೆ, ಬಲಗಡೆ 2000 ದಾಟಿದ ಮೇಲೆ ಗೆರೆ ಜಾರುತ್ತಾ ಜಾರುತ್ತಾ ಕೆಳಕ್ಕೆ. ವಯಸ್ಸಾದಾಗ ಬಹಳ ಜನರ ಕಿವಿ ಹೋಗೋದು ಇದೇ ಕ್ರಮದಲ್ಲಂತೆ, ಮೇಲಿನ ಸದ್ದು ಮೊದಲು. ಅಪ್ಪಾಜಿ ಹೇಳಿದ ಸ್ವರ-ವ್ಯಂಜನದ ಮಾತು ಅಕ್ಷರಶಃ ಸರಿ. ಅ, ಉ, ಓ ಇವುಗಳ ಬಲ ಇರೋದು ಕೆಳಗಿನ ಸದ್ದಿನಲ್ಲಿ. ಸ, ಶ, ತ, ಕ ಇವುಗಳ ಗುರುತು ಇರೋದು ಮೇಲೆ, ‘ಸ’ ಅಂತೂ 4000 ಹರ್ಟ್ಸಿನ ಆಚೆಗೆ. ಮಾತಿನ ಗಟ್ಟಿತನ ಸ್ವರದಲ್ಲಿ, ಅರ್ಥ ವ್ಯಂಜನದಲ್ಲಿ. ಇದರ ಮೇಲೆ ಇನ್ನೊಂದು ಸಂಕಟ ಏನಂದ್ರೆ, ಜೋರಾದ ತಳದ ಸದ್ದು ತನಗಿಂತ ಮೇಲಿನ ಸಣ್ಣ ಸದ್ದುಗಳನ್ನ ಮುಚ್ಚಿಹಾಕುತ್ತೆ. ಎಲ್ಲರ ಕಿವಿಯಲ್ಲೂ ಹೀಗಾಗುತ್ತೆ, ಸೋತ ಕಿವಿಯಲ್ಲಿ ಇನ್ನೂ ಜಾಸ್ತಿ. ಅಂದ್ರೆ ನಾನು ತಂದ ಡಬ್ಬ ಅವರಿಗೆ ಉಳಿದಿದ್ದ ನಾಲ್ಕು ವ್ಯಂಜನಗಳನ್ನೂ ನುಂಗಿ ಹಾಕ್ತಿತ್ತು.

ಆಮೇಲೆ ನಾನು ಸಬ್‌ವೂಫರ್ ಬೇಡವೇ ಬೇಡ ಅಂದೆ. ಬೇಕು ಅಂದಿದ್ದು ಅಪ್ಪಾಜಿ! “ಮೊಮ್ಮಗ ಕುಣೀತಾನೆ, ಇರ್ಲಿ ಬಿಡು. ಅದನ್ನ ಅದರ ಜಾಗದಲ್ಲಿ ಇಡೋದು ಕಲಿ” ಅಂದರು. ಕ್ಲಾಸಿನ ತರಲೆ ಹುಡುಗನ ಬಗ್ಗೆ ಹೇಳಿದಂಗೆ.

ಕಲಿತಿದ್ದು ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು.

ದೊಡ್ಡ ಡಬ್ಬ ಗೆಳೆಯನಿಗೆ ವಾಪಸ್ ಕೊಟ್ಟು, ಹತ್ತು ಇಂಚಿನ ಚಿಕ್ಕದು ತಂದೆ, ತೂತಿಲ್ಲದ್ದು. ತೂತಿರೋ (ಪೋರ್ಟ್ ಇರೋ) ಡಬ್ಬ ಅಷ್ಟೇ ಕರೆಂಟಿಗೆ ಜಾಸ್ತಿ ಗುಡುಗುತ್ತೆ, ಆದರೆ ಒಂದು ಮಟ್ಟದ ಕೆಳಗೆ ಅದರ ಸದ್ದು ಕಡಿದಾಗಿ ಬಿದ್ದುಹೋಗುತ್ತೆ. ಮುಚ್ಚಿದ ಡಬ್ಬದ್ದು ನಿಧಾನಕ್ಕೆ ಇಳಿಯುತ್ತೆ, ಸಣ್ಣ ಕೋಣೆಯ ಗೋಡೆಗಳೇ ಆ ಇಳಿತವನ್ನ ಸ್ವಲ್ಪ ತುಂಬಿಕೊಡುತ್ತವೆ. ನಮ್ಮಂಥ ಹಾಲುಗಳಿಗೆ ಅದು ಧಾರಾಳ ಸಾಕು. ಪೆಟ್ಟಿಗೆ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಓ ಅಂತ ಬರೆದಿದ್ದರೆ ಅದನ್ನ ಓದಿ ನಕ್ಕು ಮುಂದಕ್ಕೆ ಹೋಗಿ. ನೋಡಬೇಕಾಗಿದ್ದು ಆರ್‌ಎಂಎಸ್. ಅಂಗಡಿಯವರು ಅಂಗಡೀಲಿ ಹಾಕಿ ತೋರಿಸೋ ಸದ್ದು ಅಂಗಡಿಯ ಗೋಡೆಗಳ ಸದ್ದು, ನಿಮ್ಮ ಮನೆಯದಲ್ಲ. ಹಾಗಾಗಿ ಡಬ್ಬ ತಗೊಳ್ಳೋ ಮೊದಲು ಟೇಪು ಹಿಡಿದು ಹಾಲು ಅಳೆಯಿರಿ.

ಜಾಗ? ಅಂಬೆಗಾಲಿನ ಸುತ್ತು ಪೂರ್ತಿ ಮಾಡಿದೆ, ಈ ಸಲ ಅಪ್ಪಾಜಿ ಕೈಯಲ್ಲಿ ಸೀಮೆಸುಣ್ಣ ಹಿಡಿದು, ನಾನು ಹೇಳಿದ ಕಡೆಯೆಲ್ಲ ನೆಲದ ಮೇಲೆ ಗುರುತು ಹಾಕ್ತಾ ಬಂದರು. ಸಿಕ್ಕಿದ ಜಾಗ ಮೂಲೆಯಲ್ಲ. ಅಜ್ಜಿಯ ಎದುರು ಬದಿಯ ಉದ್ದ ಗೋಡೆ, ಮೂಲೆಯಿಂದ ಐದಡಿ ಈಚೆಗೆ, ಪುಸ್ತಕದ ಬೀರು ಪಕ್ಕ. ಪ್ಲಗ್ಗು ಇರಲಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದೆ. 80 ಹರ್ಟ್ಸ್ ಕೆಳಗಿನ ಸದ್ದು ಎಲ್ಲಿಂದ ಬರ್ತಿದೆ ಅಂತ ನಮ್ಮ ಕಿವಿ ಸುಲಭಕ್ಕೆ ಗುರುತಿಸಲ್ಲ, ಹಾಗಾಗಿ ಡಬ್ಬ ಟಿವಿ ಪಕ್ಕದಲ್ಲೇ ಇರಬೇಕು ಅಂತೇನೂ ಇಲ್ಲ. ರಿಸೀವರಿನಲ್ಲಿ ಕ್ರಾಸ್‌ಓವರ್ 80ಕ್ಕೆ ಇಟ್ಟೆ. 150ಕ್ಕೋ 200ಕ್ಕೋ ಬಿಟ್ಟರೆ ಗಂಡಸರ ದನಿಯೂ ಡಬ್ಬದಿಂದ ಬರೋಕೆ ಶುರುವಾಗಿ, ಕೊಡದೊಳಗೆ ಮಾತಾಡಿದಂಗೆ ಇರುತ್ತೆ. ಡಬ್ಬದ ಕೆಳಗೆ ರಬ್ಬರ್ ಪಾದ, ಅದರಡಿ ಕಡಪಾ ಕಲ್ಲಿನ ತುಂಡು. ಅಪ್ಪಾಜಿಯ ಕುರ್ಚಿಯನ್ನ ಹಿಂದಿನ ಗೋಡೆಯಿಂದ ನಾಲ್ಕಡಿ ಮುಂದಕ್ಕೆ ತಂದೆ. ಕೊನೆಯದಾಗಿ ನಡುವಿನ ಸ್ಪೀಕರು, ಅಂದ್ರೆ ಬಹುಪಾಲು ಮಾತು ಬರೋ ಸ್ಪೀಕರು, ಅದನ್ನ 3 ಡೆಸಿಬಲ್ ಏರಿಸಿ ಸಬ್‌ವೂಫರನ್ನ ಇಳಿಸಿದೆ. ಫ್ಲೆಚರ್-ಮನ್ಸನ್ ಹೇಳಿದ ಚಪಲ ರಾತ್ರಿ ಹೊತ್ತು ಬಂದೇ ಬರುತ್ತೆ, ಆಗ ಕೈ ಕಟ್ಟಿಕೊಂಡು ಕೂರ್ತೀನಿ. ಒಂಬತ್ತೂವರೆ ಆದಮೇಲೆ ಡಬ್ಬ ಆಫ್. ಇದು ಅಜ್ಜಿಗೆ ಕೊಟ್ಟ ಮಾತು.

ಹಿಯರಿಂಗ್ ಏಡು ಹಾಕಿಕೊಳ್ಳೋಕೆ ಅಪ್ಪಾಜಿ ಮೊದಲು ಒಪ್ಪಲಿಲ್ಲ. “ಜನ ಕಿವುಡ ಅಂತಾರೆ” ಅಂದರು. “ಈಗ ಜಂಬ ಅಂತಿದಾರೆ, ಮಾತಾಡ್ಸಿದ್ರೆ ತಿರುಗಿ ನೋಡಲ್ಲ ಅಂತ. ಯಾವುದು ವಾಸಿ?” ಅಂದಳು ಅಮ್ಮ. ಒಪ್ಪಿದರು. ಮೊದಲನೇ ವಾರ ಚಮಚದ ಸದ್ದು, ಪೇಪರಿನ ಸದ್ದು, ಎಲ್ಲದಕ್ಕೂ ಬೆಚ್ಚೋರು. ಮೂರನೇ ವಾರ ಫೋನ್ ಮಾಡಿ, “ಹಿತ್ತಲಲ್ಲಿ ಅಳಿಲು ಕೂಗ್ತಿದೆ ಕಣೋ” ಅಂದರು. ಅಷ್ಟೇ ಹೇಳೋಕೆ ಮಾಡಿದ ಫೋನು.

ಎಲ್ಲಾ ಜೋಡಿಸಿದ ಮೇಲೆ ಮೊದಲ ಸಿನಿಮಾ ಯಾವುದು ಅಂತ ಕೇಳಿದೆ. ಅವರು ಯೋಚನೆ ಕೂಡ ಮಾಡಲಿಲ್ಲ, “ನಾಗರಹಾವು”. ತರಾಸು ಬರೆದಿದ್ದು, ಪುಟ್ಟಣ್ಣ 1972ರಲ್ಲಿ ತೆಗೆದಿದ್ದು, ನಮ್ಮ ದುರ್ಗದ ಕಲ್ಲುಬಂಡೆಗಳ ಮೇಲೇ ಶೂಟಿಂಗ್ ಆಗಿದ್ದು. ಆಗ ಅವರು ಹೊಸದಾಗಿ ಮೇಷ್ಟ್ರಾಗಿದ್ದ ಹುಡುಗ. ದುರ್ಗಕ್ಕೆ ಹೋಗಿ ಮೂರು ಸಲ ನೋಡಿದ್ದರಂತೆ. ರಾಮಾಚಾರಿಗೋಸ್ಕರ ಅಲ್ಲ, ಚಾಮಯ್ಯ ಮೇಷ್ಟ್ರಿಗೋಸ್ಕರ.

ಸಿನಿಮಾ ಶುರುವಾಯ್ತು. ಅಶ್ವಥ್ ಮಾತಾಡೋಕೆ ಶುರು ಮಾಡಿದರು. ಅಪ್ಪಾಜಿ ತುಟಿ ಅಲ್ಲಾಡ್ತಾ ಇತ್ತು, ಅವರ ಜೊತೆಗೇ ಮಾತು ಹೇಳಿಕೊಳ್ತಾ ಇದ್ದರು. ಒಂದು ಕಡೆ ಮಗನಿಗೆ, “ನೋಡು, ಈಗ ಅವರ ಮುಖ ನೋಡು” ಅಂದರು. ಸಿನಿಮಾ ಮುಗಿದ ಮೇಲೆ ಕ್ಲಾಸು ಇದೆ ಅಂತ ಆಗಲೇ ನನಗೆ ಖಾತ್ರಿಯಾಯ್ತು.

ಅರ್ಧ ಸಿನಿಮಾ ಆದಮೇಲೆ ಯಾಕೋ ಪುಸ್ತಕದ ಬೀರು ಕಡೆ ಕಣ್ಣು ಹೋಯ್ತು. ಸಬ್‌ವೂಫರಿನ ಹಸಿರು ದೀಪ ಕೆಂಪಾಗಿತ್ತು. ಹಳೇ ಕಾಲದ ಮೊನೊ ಸೌಂಡು, ತಳದಲ್ಲಿ ಅದಕ್ಕೆ ಕೊಡೋಕೆ ಹೆಚ್ಚೇನೂ ಇರಲಿಲ್ಲ. ಕಾದು ಕಾದು ತನ್ನಷ್ಟಕ್ಕೆ ತಾನೇ ನಿದ್ದೆಗೆ ಜಾರಿತ್ತು. ನಾವು ಯಾರೂ ಗಮನಿಸಿರಲೇ ಇಲ್ಲ.

ಅಪ್ಪಾಜಿ ಮಾತ್ರ ಎಚ್ಚರವಾಗಿದ್ದರು. ಕೊನೇ ತನಕ.

ಈ ನವೆಂಬರಿಗೆ ಸಾಣೇಹಳ್ಳಿಗೆ ಹೋಗಬೇಕು ಅಂತ ಅಕ್ಕನಿಗೆ ಅವರೇ ಫೋನ್ ಮಾಡಿ ಹೇಳಿದಾರೆ. ನಿಮ್ಮ ಮನೇಲೂ ಯಾರಾದರೂ ಹಿರಿಯರು ಹತ್ತೇ ನಿಮಿಷಕ್ಕೆ “ನಿದ್ದೆ ಬರ್ತಿದೆ” ಅಂತ ಎದ್ದು ಹೋಗ್ತಿದ್ದರೆ, ಹೊಸ ಡಬ್ಬ ತರೋ ಮೊದಲು ಒಂದು ಸಲ ಪಕ್ಕದಲ್ಲಿ ಕೂತು ಕೇಳಿನೋಡಿ.